ಭೀಮಕ್ಕನ ಕೋರಂ

ಭೀಮಕ್ಕ ಹಾಲಗೇರಿ ಸರಕಾರಿ ಶಾಲೆಯ ಅಧ್ಯಕ್ಷೆಯಾದದ್ದು ಆಕೆ ಊರಲ್ಲೇ ಇಲ್ಲದ ದಿನ. ಅವತ್ತು ಎಂದಿನಂತೆ ಬೆಳಗಾವಿಯ ಶಿವಬಸವ ನಗರದ ಹುಡುಗಿಯರ ಹಾಸ್ಟೆಲಿನಲ್ಲಿ ನೂರಾ ಇಪ್ಪತ್ತು ಮಂದಿಗೆ ಚಪಾತಿ ಲಟ್ಟಿಸುತ್ತಿದ್ದಳು. ಇತ್ತ ಶಾಲೆಯಲ್ಲಿ ಪಾಲಕರ ಸಭೆ ಸೇರಿತ್ತು. ಈ ಸಲ ಮೇಲುಸ್ತುವಾರಿ ಸಮಿತಿಗೆ ಹೆಣ್ಣುಮಗಳೇ ಅಧ್ಯಕ್ಷೆಯಾಗಲಿ ಎಂಬ ಮಾತು ಬಂದಾಗ ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು. ಆಗ ಆಕೆಯ ಮೈದುನ, ಪಂಚಾಯಿತಿ ಮೆಂಬರ ರಾಯಪ್ಪ ಎದ್ದು ನಿಂತು, “ನಮ್ಮ ವೈನೀನ ಮಾಡ್ರಿ, ಆಕಿ ಏನೂ ತಕರಾರ ಮಾಡಾಂಗಿಲ್ಲ” ಅಂದನಂತೆ. ಎಲ್ಲರೂ ಚಪ್ಪಾಳೆ ತಟ್ಟಿದರಂತೆ. ಸಂಜೆ ಗಾಡಿ ಇಳಿದು, ದೇಸೂರ ಸ್ಟೇಶನ್ನಿನಿಂದ ಅರ್ಧ ತಾಸು ನಡೆದು ಮನೆಗೆ ಬಂದರೆ ಕಟ್ಟೆಯ ಮೇಲೆ ಒಂದು ಬಾಡಿದ ಹಾರ, ಒಂದು ತೆಂಗಿನಕಾಯಿ.

“ಇವೇನು?” ಎಂದು ಕೇಳಿದಳು.

“ನೀ ಸಾಲಿ ಅಧ್ಯಕ್ಷ ಆಗೀದಿ,” ಎಂದ ಗಂಡ ಲಕ್ಷ್ಮಣ. ಅವನೂ ಆಗಷ್ಟೇ ಉದ್ಯಮಬಾಗದ ಫೌಂಡ್ರಿಯಿಂದ ಬಂದು ಕೈ ತೊಳೆಯುತ್ತಿದ್ದ.

“ಯಾರನ್ನ ಕೇಳಿ ಮಾಡಿದ್ರು?”

“ನಿನ್ನೊಬ್ಬಾಕಿನ ಬಿಟ್ಟು ಎಲ್ಲಾರ್ನೂ ಕೇಳ್ಯಾರ.”

ಮೊದಲ ಒಂದೂವರೆ ವರ್ಷ ಅಧ್ಯಕ್ಷಗಿರಿ ಎಂದರೆ ಸಹಿ ಹಾಕುವುದು ಎಂದೇ ಆಕೆ ತಿಳಿದಿದ್ದಳು. ಹೆಡ್ ಮಾಸ್ತರ ಕಲ್ಲಯ್ಯ ಹಿರೇಮಠರು ದಿನಾ ವಡಗಾವಿಯಿಂದ ಬೈಕಿನ ಮೇಲೆ ಬರುವವರು. ಏಳು ತರಗತಿಗೆ ಅವರೊಬ್ಬರು, ಜೊತೆಗೆ ಒಬ್ಬ ಅತಿಥಿ ಶಿಕ್ಷಕಿ. ಪಾಠದ ನಡುವೆಯೇ ಮೊಬೈಲಿನಲ್ಲಿ ಮೊಟ್ಟೆಯ ಲೆಕ್ಕ, ಹಾಜರಿಯ ಲೆಕ್ಕ ಏರಿಸುತ್ತ ಇರಬೇಕು. ಕೆಟ್ಟ ಮನುಷ್ಯರಲ್ಲ, ದಣಿದ ಮನುಷ್ಯ. ಶನಿವಾರ ಸಪ್ನಾಳ ಕೈಯಲ್ಲಿ ಸಭೆಯ ನಡಾವಳಿ ಪುಸ್ತಕ ಕಳಿಸುವರು. ಸಪ್ನಾ ಭೀಮಕ್ಕನ ಮಗಳು, ಆರನೆಯ ತರಗತಿ. “ಅವ್ವಾ, ಸರ್ ಇಲ್ಲಿ ಸಹಿ ಹಾಕಬೇಕಂತ” ಎಂದು ಹುಡುಗಿ ಬೆರಳಿಟ್ಟು ತೋರಿಸಿದಲ್ಲಿ ಭೀಮಕ್ಕ ಬರೆಯುವಳು. ಮೇಲಿನ ಪುಟ ಖಾಲಿ ಇದ್ದರೆ ಮಾಸ್ತರು ಆಮೇಲೆ ತುಂಬಿಕೊಳ್ಳುತ್ತಾರೆ ಎಂದು ಬಿಟ್ಟುಬಿಡುವಳು. ಸಭೆ ಎಂಬುದು ಎಲ್ಲಿ ಯಾವಾಗ ನಡೆಯುತ್ತದೆ ಎಂದು ಆಕೆ ಕೇಳಿರಲಿಲ್ಲ, ಯಾರೂ ಹೇಳಿರಲೂ ಇಲ್ಲ.

ಜನವರಿಯಲ್ಲಿ ಒಂದು ವಾರ ಸಪ್ನಾ ನಾಲ್ಕು ದಿನ ಮಧ್ಯಾಹ್ನಕ್ಕೇ ಮನೆಗೆ ಬಂದಿದ್ದಳು. ಭೀಮಕ್ಕನಿಗೆ ಅದು ಗೊತ್ತಾದದ್ದು ಐದನೆಯ ದಿನ.

“ಯಾಕ ಲಗೂ ಬಿಟ್ರು?”

“ಕ್ರಿಕೆಟ್ ಮ್ಯಾಚ್ ಅದಾವಲ್ಲ ಅವ್ವಾ. ಮೈಕ್ ಹಚ್ಚಿ ಒದರತಾರ, ಸರ್ ಹೇಳಿದ್ದು ಒಂದೂ ಕೇಳಂಗಿಲ್ಲ. ಕಾಕಾನ ಮ್ಯಾಚ್ ಇಟ್ಟಾನ.”

ಕಾಕಾ ಎಂದರೆ ರಾಯಪ್ಪ. ಶಾಲೆಯ ಮೈದಾನದಲ್ಲಿ ಶಾಮಿಯಾನ, ಧ್ವನಿವರ್ಧಕ, ಸುತ್ತಲ ಹದಿನಾರು ಊರಿನ ತಂಡಗಳು, ಎಂಟು ದಿನದ ಪಂದ್ಯ. ಭೀಮಕ್ಕ ಮರುದಿನ ಹಾಸ್ಟೆಲಿಗೆ ರಜೆ ಹೇಳಿ ನೇರ ಶಾಲೆಗೆ ಹೋದಳು. ಒಂದನೆಯ ತರಗತಿಯ ಕಿಟಕಿಗೆ ಚೆಂಡು ಬಡಿಯಬಾರದೆಂದು ಒಂದು ತಾಡಪತ್ರಿ ಕಟ್ಟಿದ್ದರು. ಒಳಗೆ ಮಕ್ಕಳು ಕತ್ತಲೆಯಲ್ಲಿ ಕುಳಿತಿದ್ದವು.

“ಸರ್ರ, ಸಾಲಿ ಮೈದಾನ ಇವರಿಗೆ ಯಾರು ಕೊಟ್ರು?”

ಕಲ್ಲಯ್ಯ ಮಾಸ್ತರು ಆಕೆಯನ್ನು ವಿಚಿತ್ರವಾಗಿ ನೋಡಿದರು. ಆಮೇಲೆ ಕಪಾಟಿನಿಂದ ಪುಸ್ತಕ ತೆಗೆದು ಪುಟ ತಿರುವಿದರು. “ನೀವ ಕೊಟ್ಟೀರಿ ಅಕ್ಕಾರ.”

‘ಶಾಲೆಯ ಮೈದಾನವನ್ನು ಪಂದ್ಯಕ್ಕೆ ಕೊಡಲು ಸರ್ವಾನುಮತದಿಂದ ಠರಾವು ಪಾಸು ಮಾಡಲಾಯಿತು’ ಎಂದಿತ್ತು. ಕೆಳಗೆ, ಏಳನೆಯ ತರಗತಿಗೆ ಶಾಲೆ ಬಿಡಿಸಿ ಕುರಿಯ ಹಿಂದೆ ಕಳಿಸಿದ್ದ ಆಕೆಯದೇ ದುಂಡು ದುಂಡಾದ ಅಕ್ಷರದಲ್ಲಿ, ಭೀಮಕ್ಕ ಎಂದು. ಆಕೆಗೆ ಮಾಸ್ತರ ಮೇಲೆ ಸಿಟ್ಟು ಬಂತು, ರಾಯಪ್ಪನ ಮೇಲೆ ಬಂತು, ಎಲ್ಲಕ್ಕಿಂತ ಹೆಚ್ಚಾಗಿ ತನ್ನ ಬೆರಳುಗಳ ಮೇಲೆ ಬಂತು.

“ಖಾಲಿ ಪುಟದ ಮ್ಯಾಲೆ ಹಾಕಿಸ್ಕೊಂಡಿದ್ರಿ ನೀವು.”

“ಹೌದ್ರಿ. ನೀವು ಹಾಕಿದ್ರಿ. ರಾಯಪ್ಪನವರು ಬಂದು ವೈನಿ ಹೂಂ ಅಂದಾರ ಅಂತ ಹೇಳಿದ್ರು, ಬರದೆ. ನಾ ಒಬ್ಬಾವ ಏನೇನು ನೋಡ್ಲಿ?”

ಭೀಮಕ್ಕ ಪುಸ್ತಕವನ್ನು ಅವರತ್ತ ಸರಿಸಿದಳು. “ಇನ್ನ ಮುಂದ ಸಭಾ ಆಗದ ಸಹಿ ಇಲ್ಲ,” ಎಂದು ಹೇಳಿ ಎದ್ದಳು.

ಹೇಳುವುದು ಸುಲಭವಿತ್ತು. ಸಮಿತಿಯಲ್ಲಿ ಹದಿನೆಂಟು ಮಂದಿ. ಕೋರಂ ಆಗಿ ಸಭೆ ನಡೆಯಲು ಕನಿಷ್ಠ ಒಂಬತ್ತು ಜನ ಬೇಕು. ಮಾಸ್ತರು ಬುಧವಾರ ಹನ್ನೊಂದಕ್ಕೆ ನೋಟೀಸು ಕಳಿಸಿದರು. ನಾಲ್ವರು ಬಂದರು, ಅವರಲ್ಲಿ ಒಬ್ಬ ಮಗನ ಜಾತಿ ಪ್ರಮಾಣಪತ್ರದ ಸಲುವಾಗಿ ಬಂದವನು. ಭೀಮಕ್ಕ ಮತ್ತೊಮ್ಮೆ ಹಾಸ್ಟೆಲಿನ ರಜೆ ಕಳೆದುಕೊಂಡಳು. ಮುಂದಿನ ಸಭೆ ಭಾನುವಾರಕ್ಕೆ ಇಟ್ಟರು, ಐವರು ಬಂದರು. ಉಳಿದವರ ಮನೆಮನೆಗೆ ಹೋಗಿ ಕೇಳಿದರೆ ಎಲ್ಲರ ಬಾಯಲ್ಲೂ ಒಂದೇ ಮಾತು. “ನೀವು ಏನ್ ಮಾಡ್ತೀರಿ ಮಾಡ್ರಿ ಭೀಮಕ್ಕಾ, ನಮ್ಮ ಒಪ್ಪಿಗಿ ಐತಿ.” ಅದೇ ಒಪ್ಪಿಗೆಯಿಂದಲೇ ಅಲ್ಲವೇ ಮೈದಾನ ಹೋದದ್ದು ಎಂದು ಆಕೆಗೆ ಕೂಗಿ ಹೇಳಬೇಕೆನಿಸುತ್ತಿತ್ತು.

ಇನ್ನೂ ಮೈ ಉರಿಯುವ ಸಂಗತಿಯೆಂದರೆ, ಇದೇ ಜನ ದಿನಾ ಬೆಳಿಗ್ಗೆ ದೇಸೂರ ಸ್ಟೇಶನ್ನಿನಲ್ಲಿ ಆಕೆಯ ತಲೆ ತಿನ್ನುತ್ತಿದ್ದರು. ಹಾಲಗೇರಿಯ ಅರ್ಧ ಊರು ಈಗ ಕುರಿ ಬಿಟ್ಟು, ಹೊಲ ಅರ್ಧ ಬಿಟ್ಟು, ಬೆಳಗಿನ ಗಾಡಿಗೆ ಬೆಳಗಾವಿಗೆ ಹೋಗುತ್ತದೆ. ಫೌಂಡ್ರಿಗೆ, ಆಸ್ಪತ್ರೆಗೆ, ಅಂಗಡಿಗೆ, ಮಗ್ಗಕ್ಕೆ. ಗಾಡಿ ಬರುವ ತನಕ ಶಾಲೆಯದೇ ಮಾತು. ಸಾರು ನೀರಾಗಿರುತ್ತದೆ, ನಳಕ್ಕೆ ನೀರಿಲ್ಲ, ಇಂಗ್ಲಿಷ್ ಕಲಿಸುವವರಿಲ್ಲ, ನಾಲ್ಕನೆಯ ತರಗತಿಗೆ ಭಾಗಾಕಾರ ಬರುವುದಿಲ್ಲ.

ಫೆಬ್ರವರಿಯ ಒಂದು ಬೆಳಿಗ್ಗೆ ಓಂಕಾರ, ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳ ತಂದೆ, ಕೈ ಬೀಸಿ ಬೀಸಿ ಹೇಳುತ್ತಿದ್ದ. “ನಿಮ್ಮ ಸಮಿತಿ ಮಲಗೇತಿ ನೋಡ್ರಿ.”

“ಓಂಕಾರಣ್ಣಾ, ನೀವೂ ಸಮಿತಿ ಮೆಂಬರ ಅದೀರಿ.”

“ನಾನಾ?” ಓಂಕಾರ ಬಾಯಿ ತೆರೆದ. ಕಿರಿಯ ಮಗ ಎರಡನೆಯ ತರಗತಿಯಲ್ಲಿದ್ದಾನೆಂಬುದು ಅವನಿಗೆ ನೆನಪಿತ್ತು, ಸಮಿತಿಯಲ್ಲಿ ತಾನಿರುವುದು ನೆನಪಿರಲಿಲ್ಲ.

ಭೀಮಕ್ಕ ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ನೋಡುತ್ತ ಬೆರಳು ಮಡಚಿದಳು. ತನ್ನನ್ನೂ ಹಿಡಿದು ಸಮಿತಿಯ ಹನ್ನೊಂದು ಮಂದಿ. ಬಾಜುವಿಗೆ ನಿಂತಿದ್ದ ಪ್ರಮಿಳಾಳನ್ನೂ ಸೇರಿಸಿ ಹನ್ನೆರಡು. ಪ್ರಮಿಳಾ ಮನೆಯಲ್ಲಿ ಮರಾಠಿ ಮಾತಾಡುವವಳು, ವಡಗಾವಿಯ ಮಗ್ಗದ ಕಾರಖಾನೆಯಲ್ಲಿ ನೂಲಿನ ಕಂಡಿಕೆ ಸುತ್ತುವವಳು, ಸಮಿತಿಯ ಭಾನುವಾರದ ಸಭೆಗೆ ಬಂದ ಐವರಲ್ಲಿ ಒಬ್ಬಳು.

“ಇಲ್ಲೇ ಮಾಡೂಣು,” ಎಂದಳು ಭೀಮಕ್ಕ.

“ಏನ್?” ಎಂದಳು ಪ್ರಮಿಳಾ.

“ಸಭಾ. ಎಲ್ಲಾರೂ ಇಲ್ಲೇ ಅದಾರ. ಸಾಲಿಗೆ ಬರೋದಿಲ್ಲಂದ್ರ ಸಾಲೀನ ಇಲ್ಲಿಗೆ ತರೂಣು.”

ಫೋನಿನಲ್ಲಿ ಕಲ್ಲಯ್ಯ ಮಾಸ್ತರು ಹೌಹಾರಿದರು. “ಅಕ್ಕಾರ, ನೋಟೀಸಿನ್ಯಾಗ ಸ್ಥಳ ಅಂತ ಬರೀಬೇಕ್ರಿ. ರೇಲ್ವೆ ಸ್ಟೇಶನ್ ಅಂತ ಹ್ಯಾಂಗ ಬರೀಲಿ?”

“ಕನ್ನಡದಾಗ ಬರೀರಿ.”

ಮುಂದಿನ ಸೋಮವಾರ ಗಾಡಿಗೆ ಮುಕ್ಕಾಲು ತಾಸು ಮೊದಲೇ ಹನ್ನೆರಡು ಜನ ಟಿಫಿನ್ ಡಬ್ಬಿಗಳ ಸಮೇತ ಬೇವಿನ ಮರದ ಕೆಳಗೆ ಸೇರಿದರು. ಮಾಸ್ತರು ಬೈಕನ್ನು ಹೊರಗೆ ನಿಲ್ಲಿಸಿ, ಕಳ್ಳಮಾಲು ಸಾಗಿಸುವವರ ಹಾಗೆ ಪುಸ್ತಕವನ್ನು ಜಾಕೆಟ್ಟಿನೊಳಗೆ ಇಟ್ಟುಕೊಂಡು ಬಂದರು. ಶಾಲೆಯ ದಿನಗಳಲ್ಲಿ ಮೈದಾನವನ್ನು ಯಾರಿಗೂ ಕೊಡಬಾರದು, ಬೇಕಾದವರು ಸಮಿತಿಗೆ ಬರೆದುಕೊಟ್ಟು ಕೇಳಬೇಕು ಎಂಬುದು ಮೊದಲ ವಿಷಯ. ಒಬ್ಬರು ರಾಯಪ್ಪನನ್ನು ಒಂದು ಮಾತು ಕೇಳೋಣ ಎಂದರು. ಮರಾಠಿ ಮನೆಮಾತಿನ ಇನ್ನೊಬ್ಬರಿಗೆ ಮಾಸ್ತರು ಓದಿದ ಕನ್ನಡ ತಿಳಿಯಲಿಲ್ಲ. ಪ್ರಮಿಳಾ ಮರಾಠಿಯಲ್ಲಿ ಬಿಡಿಸಿ ಹೇಳಿದಳು. ಹೇಳುತ್ತ ಹೇಳುತ್ತ ಆಕೆಗೇ ಸಿಟ್ಟು ಬಂದು, “ನನ್ನ ಮಗಳು ಆ ಕತ್ತಲ ಖೋಲಿಯಾಗ ಎಂಟು ದಿವಸ ಕುಂತಾಳ,” ಎಂದು ಕನ್ನಡಕ್ಕೆ ಹೊರಳಿದಳು. ಆಮೇಲೆ ಯಾರೂ ರಾಯಪ್ಪನ ಹೆಸರು ಎತ್ತಲಿಲ್ಲ.

ಅಷ್ಟರಲ್ಲಿ ರಾಯಪ್ಪನೇ ಬಂದ. ಯಾರೋ ಸುದ್ದಿ ಮುಟ್ಟಿಸಿದ್ದರು.

“ವೈನಿ, ಮನೀ ಮಾತು ಸ್ಟೇಶನ್‌ದಾಗ ಯಾಕ? ನನಗ ಒಂದ ಮಾತು ಹೇಳಿದ್ರ ಆಗತಿತ್ತಿಲ್ಲ?”

“ಮನೀ ಮಾತು ಮನ್ಯಾಗ ಆಡೂಣು ರಾಯಪ್ಪ. ಇದು ಸಾಲೀ ಮಾತು. ನೀ ಸಮಿತಿ ಮೆಂಬರ ಅಲ್ಲ, ಆ ಕಡೆ ನಿಂದರು.”

ಮದುವೆಯಾಗಿ ಬಂದ ಹದಿನೇಳು ವರ್ಷದಲ್ಲಿ ಆಕೆ ಅವನಿಗೆ ಆ ಧ್ವನಿಯಲ್ಲಿ ಮಾತಾಡಿರಲಿಲ್ಲ. ಅವನು ನಿಜವಾಗಿಯೂ ಎರಡು ಹೆಜ್ಜೆ ಸರಿದು ನಿಂತ.

ಸಹಿ ಶುರುವಾಗುವಷ್ಟರಲ್ಲಿ ಗಾಡಿ ಬಂತು. ಪುಸ್ತಕ ಓಂಕಾರನ ಕೈಯಲ್ಲಿತ್ತು, ಓಂಕಾರ ಬೋಗಿಯೊಳಗೆ. “ಪುಸ್ತಕಾ! ಪುಸ್ತಕಾ!” ಎನ್ನುತ್ತ ಮಾಸ್ತರೂ ಹತ್ತಿದರು. ಅವರು ಜನರ ನಡುವೆ ತೂರಿ ಪುಸ್ತಕ ಕಸಿದುಕೊಳ್ಳುವ ಹೊತ್ತಿಗೆ ದೇಸೂರು ಹಿಂದೆ ಉಳಿದಿತ್ತು. ಉಳಿದ ಸಹಿಗಳು ಓಡುವ ಗಾಡಿಯಲ್ಲಿ, ಒಬ್ಬರ ಬೆನ್ನ ಮೇಲೆ ಇಟ್ಟು ಒಬ್ಬರು ಹಾಕಿದವು, ಸೊಟ್ಟ ಸೊಟ್ಟ. ಟಿಕೆಟ್ಟಿಲ್ಲದ ಮಾಸ್ತರು ಬೆಳಗಾವಿಯ ತನಕ ಬಾಗಿಲ ಬಳಿ ಬೆವರುತ್ತ ನಿಂತಿದ್ದರು. ಅಲ್ಲಿಂದ ಆಟೋ ಹಿಡಿದು ದೇಸೂರಿಗೆ ಬಂದು, ಬೈಕು ತೆಗೆದುಕೊಂಡು ಶಾಲೆ ಮುಟ್ಟಿದಾಗ ಹನ್ನೊಂದು ದಾಟಿತ್ತು. ಅಲ್ಲಿಯ ತನಕ ಅತಿಥಿ ಶಿಕ್ಷಕಿ ಒಬ್ಬಳೇ ಏಳೂ ತರಗತಿಯನ್ನು ಅಂಗಳದಲ್ಲಿ ಕೂರಿಸಿ ಮಗ್ಗಿ ಹೇಳಿಸುತ್ತಿದ್ದಳು.

ಹಾಸ್ಟೆಲಿನ ಅಡುಗೆಮನೆಯಲ್ಲಿ ಈ ಸುದ್ದಿ ಫೋನಿನಲ್ಲಿ ಕೇಳಿ ಭೀಮಕ್ಕ ಲಟ್ಟಣಿಗೆಯನ್ನು ಕುಕ್ಕಿದಳು. ಶಾಲೆಯ ಹೊತ್ತು ಉಳಿಸಲು ಹೋಗಿ ತಾನೇ ಅರ್ಧ ದಿನ ಕಳೆದಿದ್ದಳು.

ರಾಯಪ್ಪ ಸುಮ್ಮನಿರಲಿಲ್ಲ. ಹೆಡ್ ಮಾಸ್ತರರು ಶಾಲೆಯ ವೇಳೆಯಲ್ಲಿ ರೈಲಿನಲ್ಲಿ ತಿರುಗಾಡುತ್ತಾರೆಂದು ಖಾನಾಪುರದ ಶಿಕ್ಷಣಾಧಿಕಾರಿಗೆ ಒಂದು ಅರ್ಜಿ ಹೋಯಿತು. ಭೀಮಕ್ಕ ಮತ್ತೊಂದು ರಜೆ ಹಾಕಿ ಮಾಸ್ತರ ಜೊತೆ ಖಾನಾಪುರಕ್ಕೆ ಹೋದಳು. ದಾರಿಯುದ್ದಕ್ಕೂ ಮಾಸ್ತರು, “ರಿಟೈರ್ ಆಗಾಕ ನಾಲ್ಕು ವರ್ಷ ಉಳದಾವ ಅಕ್ಕಾರ,” ಎನ್ನುತ್ತಿದ್ದರು. ಅಧಿಕಾರಿ ವಯಸ್ಸಾದ ಹೆಣ್ಣುಮಗಳು. ಪುಸ್ತಕ ತೆರೆದು ಸೊಟ್ಟ ಸಹಿಗಳನ್ನು ಬಹಳ ಹೊತ್ತು ನೋಡಿದಳು.

“ಇವೆಲ್ಲಾ ಒಬ್ಬರ ಕೈಯ್ಯಾಗಿನವು ಅಲ್ಲಲ್ಲ?”

“ಅಲ್ರಿ ಮೇಡಂ. ಗಾಡಿ ಅಲಗಾಡತಿತ್ತು,” ಎಂದಳು ಭೀಮಕ್ಕ, ಮತ್ತು ನಡೆದದ್ದನ್ನು ಒಂದೂ ಬಿಡದೆ ಹೇಳಿದಳು, ಖಾಲಿ ಪುಟಕ್ಕೆ ತಾನು ಸಹಿ ಹಾಕಿದ್ದನ್ನೂ.

ಮೇಡಂ ನಕ್ಕಳೋ ಕೆಮ್ಮಿದಳೋ ಗೊತ್ತಾಗಲಿಲ್ಲ. ಠರಾವು ಇರಲಿ, ಆದರೆ ಸಭೆ ಶಾಲೆಯಲ್ಲೇ ನಡೆಯಬೇಕು, ದುಡಿಯುವವರಿಗೆ ಅನುಕೂಲವಾಗುವ ಹೊತ್ತು ನೀವೇ ಗೊತ್ತು ಮಾಡಿಕೊಳ್ಳಿ ಎಂದಳು. ಭಾನುವಾರ ಬೆಳಿಗ್ಗೆ ಎಂಟು ಎಂದು ಗೊತ್ತಾಯಿತು. ಮಾಸ್ತರು ಭಾನುವಾರವೂ ಬರಬೇಕಲ್ಲ ಎಂದು ಗೊಣಗಿದರು, ಆದರೆ ಬಂದರು. ಮಾರ್ಚಿನಲ್ಲಿ ಹತ್ತು ಜನ ಸೇರಿದರು. ಜೂನಿನಲ್ಲಿ ಏಳು. ಆಗಸ್ಟಿನಲ್ಲಿ ಭೀಮಕ್ಕ, ಪ್ರಮಿಳಾ, ಮಾಸ್ತರು, ಮತ್ತು ಬಿಸಿಯೂಟದ ನಿಂಗವ್ವ; ನಿಂಗವ್ವ ಬಂದದ್ದು ತನ್ನ ಸಾರಿನ ವಿಷಯ ಯಾರಾದರೂ ಎತ್ತುತ್ತಾರೇನೋ ಎಂಬ ಹೆದರಿಕೆಯಿಂದ.

“ಇನ್ನ ಮುಂದ ನಾನೂ ಹೋಗಾಂಗಿಲ್ಲ,” ಎಂದು ಭೀಮಕ್ಕ ಲಕ್ಷ್ಮಣನ ಮುಂದೆ ತಿಂಗಳಿಗೊಮ್ಮೆ ಹೇಳುತ್ತಿದ್ದಳು. ಅವನು ತಿಂಗಳಿಗೊಮ್ಮೆ ಹೂಂ ಅನ್ನುತ್ತಿದ್ದ.

ಡಿಸೆಂಬರಿನಲ್ಲಿ ಸಮಿತಿಗೆ ಒಂದು ಅರ್ಜಿ ಬಂತು. ಮೈದಾನ ಬೇಕೆಂದು ಯಾರಾದರೂ ಬರೆದುಕೊಟ್ಟು ಕೇಳಿದ್ದು ಅದೇ ಮೊದಲು. ಕೆಳಗೆ ರಾಯಪ್ಪನ ಸಹಿ. ತಂದುಕೊಟ್ಟವನೂ ಅವನೇ, ಆಕೆಯ ಮನೆಯ ಕಟ್ಟೆಗೆ.

“ಈಗರ ಹೂಂ ಅನ್ನು ವೈನಿ. ಹದಿನಾರು ಟೀಮಿಗೆ ಹೇಳೇನಿ.”

“ನಾ ಒಬ್ಬಾಕಿ ಹೂಂ ಅಂದ್ರ ನಡ್ಯಾಂಗಿಲ್ಲ. ಭಾನುವಾರ ಸಭಾದಾಗ ಇಡ್ತೀನಿ. ಕೋರಂ ಆಗಬೇಕ.”

ಆ ಭಾನುವಾರ ಎಂಟು ಜನ ಬಂದರು. ಒಬ್ಬರು ಕಡಿಮೆ. ಭೀಮಕ್ಕ ಪುಸ್ತಕ ಮುಚ್ಚಿದಳು. ಹೊರಗೆ ಗೇಟಿನ ಬಳಿ ಕಾಯುತ್ತಿದ್ದ ರಾಯಪ್ಪ ತಲೆ ಚಚ್ಚಿಕೊಂಡ. “ಈ ಮಂದಿಗೆ ಏನಾಗೇತಿ? ತಮ್ಮ ಮಕ್ಕಳ ಸಾಲಿ, ಒಂದು ತಾಸು ಬರಾಕ ಆಗಂಗಿಲ್ಲ?”

ಆಕೆ ಅವನ ಮುಖ ನೋಡಿದಳು. ಅವನು ತಮಾಷೆ ಮಾಡುತ್ತಿರಲಿಲ್ಲ.

ಮುಂದಿನ ವಾರವಿಡೀ ರಾಯಪ್ಪ ಮನೆಮನೆ ಅಲೆದ. ಓಂಕಾರನನ್ನು ಬೈಕಿನ ಮೇಲೆ ಕೂರಿಸಿಕೊಂಡು ಬಂದ, ಹಾಸಿಗೆಯಿಂದ ಒಬ್ಬರನ್ನು ಎಬ್ಬಿಸಿದ, ತೋಟದಿಂದ ಇಬ್ಬರನ್ನು ಕರೆತಂದ. ಭಾನುವಾರ ಎಂಟು ಗಂಟೆಗೆ ಹದಿನೆಂಟಕ್ಕೆ ಹದಿನೆಂಟೂ ಜನ ಶಾಲೆಯ ಜಮಖಾನದ ಮೇಲೆ ಕುಳಿತಿದ್ದರು. ಕಲ್ಲಯ್ಯ ಮಾಸ್ತರು ಎರಡೆರಡು ಸಲ ಎಣಿಸಿದರು. ಭೀಮಕ್ಕ ಒಬ್ಬೊಬ್ಬರ ಮುಖವನ್ನೂ ನೋಡಿದಳು. ನೀರಿಗೆ ಬರಲಿಲ್ಲ, ಪಾಠಕ್ಕೆ ಬರಲಿಲ್ಲ, ಕ್ರಿಕೆಟ್ಟಿಗೆ ಬಂದರು.

“ಯಾರೂ ಏಳಬ್ಯಾಡ್ರಿ,” ಎಂದಳು. “ಮೈದಾನದ ವಿಷಯ ಕಡೀಕ. ಅದಕ್ಕಿಂತ ಮೊದಲ ಒಂಬತ್ತು ವಿಷಯ ಅದಾವ.”

ಗೇಟಿನಾಚೆ ರಾಯಪ್ಪ ಕುಂಡೆ ಊರಿ ಕುಳಿತ. ಒಂಬತ್ತು ವಿಷಯ ಮುಗಿಯುವಷ್ಟರಲ್ಲಿ ಹನ್ನೊಂದೂವರೆ. ನಳದ ಪೈಪು ಹಾಕಿಸುವ ಹೊಣೆಯನ್ನು ಮೂವರು ಸದಸ್ಯರು ಒಪ್ಪಿಕೊಂಡರು, ಭಾಗಾಕಾರ ಬಾರದ ಮಕ್ಕಳಿಗೆ ಸಂಜೆ ಒಂದು ತಾಸು ಕಲಿಸಲು ಓಂಕಾರನ ದೊಡ್ಡ ಮಗಳು ಬರುವುದಾಯಿತು. ಮೈದಾನವನ್ನು ಭಾನುವಾರಗಳಿಗೆ ಮಾತ್ರ, ಮೈಕಿಲ್ಲದೆ ಕೊಡುವುದೆಂದು ಠರಾವಾಯಿತು. ಭೀಮಕ್ಕ ಪುಟವನ್ನು ಮೇಲಿನಿಂದ ಕೆಳಗೆ ಬಾಯಿ ಬಿಟ್ಟು ಓದಿ, ಆಮೇಲೆ ಸಹಿ ಹಾಕಿದಳು. ರಾಯಪ್ಪ ಒಂದು ವಾರ ಆಕೆಯ ಜೊತೆ ಮಾತು ಬಿಟ್ಟ, ಆದರೆ ಪಂದ್ಯಗಳನ್ನು ನಾಲ್ಕು ಭಾನುವಾರಕ್ಕೆ ಹಂಚಿದ.

ಮರುತಿಂಗಳ ಸಭೆಗೆ ಆರು ಜನ ಬಂದರು. ಉಳಿದವರು ಹೊರಗೆ ಮೈದಾನದಲ್ಲಿ ಮ್ಯಾಚ್ ನೋಡುತ್ತಿದ್ದರು. ಭೀಮಕ್ಕ ಸೆರಗು ಸಿಕ್ಕಿಸಿಕೊಂಡು ಎದ್ದಳು, ಬೌಂಡರಿಯ ಸುಣ್ಣದ ಗೆರೆ ದಾಟಿ, ಎರಡು ಓವರಿನ ನಡುವೆ, ಒಬ್ಬೊಬ್ಬರ ಹೆಸರು ಹಿಡಿದು ಕೂಗುತ್ತ ನಡೆದಳು.