ಇಪ್ಪತ್ತೈದನೇ ಗೆರೆ

ಎಂಬತ್ತರ ದಶಕದ ಕೊನೆ. ನಿಪ್ಪಾಣಿಯ ನಮ್ಮ ಓಣಿಯ ವಾಚನಾಲಯದಲ್ಲಿ ಅಕ್ಕನ ಚಿತ್ರವೊಂದನ್ನು ಒಂದು ವಾರದ ಮಟ್ಟಿಗೆ ತೂಗುಹಾಕಿದ್ದರು. ಅವಳ ಚಿತ್ರ ಗೋಡೆ ಏರಿದ್ದು ಅದೇ ಮೊದಲು. ಅದರಲ್ಲಿ ಮನುಷ್ಯರಿಲ್ಲ, ಮರವಿಲ್ಲ. ತಂಬಾಕಿನ ಬಣ್ಣದ ಗಿಡ್ಡ ಗೆರೆಗಳು, ಓರೆಯಾದ ಒಂದು ಬಿಳಿ ಪಟ್ಟಿ, ಪಟ್ಟಿಯ ಆಚೆ ಒಂದೇ ಒಂದು ಗೆರೆ. ಅರ್ಥ ಕೇಳಿದರೆ, "ನೋಡಿದವ್ರು ಹೇಳ್ಲಿ" ಎನ್ನುತ್ತಿದ್ದಳು.

ಯಾರು ಏನು ಹೇಳಿದರೆಂದು ನಾನು ದಿನಚರಿಯಲ್ಲಿ ಬರೆದುಕೊಂಡೆ. ಸೋಮವಾರ ಬಂದವರು ಹನ್ನೊಂದು. ತಿಳಿಯಲಿಲ್ಲ, ಏಳು. ಇಟ್ಟಂಗಿ ಭಟ್ಟಿ, ಇಬ್ಬರು. ಗಡಿ, ಇಬ್ಬರು. ಬುಧವಾರದ ಹೊತ್ತಿಗೆ ಗಡಿಯವರು ಹದಿನಾಲ್ಕಾದರು. ಬಿಳಿ ಪಟ್ಟಿ ಕರ್ನಾಟಕ-ಮಹಾರಾಷ್ಟ್ರದ ಗಡಿ, ಒಂಟಿ ಗೆರೆ ನಿಪ್ಪಾಣಿ ಎಂಬುದರಲ್ಲಿ ಎಲ್ಲರದೂ ಒಂದೇ ಮಾತು. ಗೆರೆ ಯಾರ ಕಡೆಗಿದೆ ಎಂಬುದರಲ್ಲಿ ಮಾತ್ರ ಏಳು, ಏಳು.

ಗುರುವಾರ ಮಧ್ಯಾಹ್ನ ವಾಚನಾಲಯದ ಕಾರ್ಯದರ್ಶಿಗಳು ಅಕ್ಕನನ್ನು ಕರೆದರು. "ಎಲೆಕ್ಷನ್ ಬಂದೈತಿ ತಂಗಿ. ನಿನ್ನ ಚಿತ್ರದ ಮುಂದ ಇಬ್ರು ಕೊಳ್ಳಪಟ್ಟಿ ಹಿಡದಾರ. ಸಂಜಿ ಒಳಗ ಗಡಿ ಬಿಟ್ಟು ಎಲ್ಲಾರೂ ಒಪ್ಪೂವಂಥಾ ಬ್ಯಾರೆ ಅರ್ಥ ಯಾರರ ಹೇಳಿದ್ರ ಇರ್ಲಿ, ಇಲ್ಲಂದ್ರ ಇಳಸ್ತೀನಿ. ಇಟ್ಟಂಗಿ ಅಂದ್ರ ನಡಿಯೂದಿಲ್ಲ!"

ಅಕ್ಕ ಬಾಗಿಲಲ್ಲೇ ನಿಂತಳು. ಐದೂವರೆಗೆ ಅವ್ವ ಮತ್ತು ಓಣಿಯ ನಾಲ್ವರು ಹೆಂಗಸರು ಕಟ್ಟಿದ ಬೀಡಿ ಕಾರ್ಖಾನೆಗೆ ಕೊಟ್ಟು, ಖಾಲಿ ಬುಟ್ಟಿ ಹಿಡಿದು ಬಂದರು. ಅಕ್ಕ ನಡೆದದ್ದನ್ನೆಲ್ಲ ಹೇಳಿ ಅವರನ್ನು ಒಳಗೆ ಕರೆದಳು. ಅವರು ಅರ್ಥ ಹುಡುಕಲಿಲ್ಲ. ತಮ್ಮ ರೂಢಿಯಂತೆ ಬೆರಳು ಆಡಿಸಿ ಎಣಿಸತೊಡಗಿದರು.

"ಇಪ್ಪತ್ನಾಲ್ಕು. ಅಲ್ಲೊಂದು, ಇಪ್ಪತ್ತೈದು. ಬೀಡಿ ಕಟ್ಟು ಆತಲ್ಲಬೇ ಇದು!" ಎಂದಳು ಪಕ್ಕದ ಮನೆಯ ಕಾಕು.

"ಆಚಿಗೆ ಬಿದ್ದದ್ದು ಛಾಟ್," ಎಂದಳು ಅವ್ವ. ತಪಾಸಣೆ ಮಾಡುವವನು ಸರಿಯಿಲ್ಲವೆಂದು ಬೀಡಿ ತೆಗೆದುಹಾಕುವುದಕ್ಕೆ ಅವರು ಹಾಗೆನ್ನುತ್ತಿದ್ದರು.

"ಅದೂ ನೆಟ್ಟಗನ ಐತಿ ನೋಡು. ಸುಮ್ನ ಒಗದಾನ, ಭಾಡ್ಯಾ!" ಎಂದಳು ಇನ್ನೊಬ್ಬಳು. ಐವರೂ ನಕ್ಕರು.

"ಇದೂ ರಾಜಕೀಯನ ಆತಲ್ರೀ," ಎಂದರು ಕಾರ್ಯದರ್ಶಿಗಳು.

"ಹೌದ್ರಿ," ಅವ್ವ ಅಂದಳು. "ಆದ್ರ ಗಡಿ ಎತ್ತಾಗರ ಹೋಗ್ಲಿ, ನಮಗ ಛಾಟ್ ತಪ್ಪೂದಿಲ್ಲ. ಮಾತು ಕೊಟ್ಟೀರಿ, ಚಿತ್ರ ಇರ್ಲಿ."

ಕಾರ್ಯದರ್ಶಿಗಳು ಚಿತ್ರ ಇಳಿಸಲು ತಂದಿಟ್ಟಿದ್ದ ಏಣಿಯನ್ನು ಮತ್ತೆ ಮೂಲೆಗೆ ಒರಗಿಸಿದರು.

ಮನೆಗೆ ಹೋಗುವಾಗ ಕೇಳಿದೆ. "ಅಕ್ಕಾ, ಎಣಿಸಿ ತಗದಿದ್ದೇನ?"

"ಇಲ್ಲ. ಕೈ ಅಲ್ಲಿಗೇ ನಿಂತಿತು."

ಸಣ್ಣವಳಿದ್ದಾಗಿನಿಂದ ಅವ್ವನ ಪಕ್ಕ ಕುಳಿತು ಇಪ್ಪತ್ತೈದರ ಕಟ್ಟು ಕಟ್ಟಿದ ಕೈ ಅದು. ನಾಲ್ಕು ದಿನ ಜನರನ್ನೆಲ್ಲ ಎಣಿಸಿದ ನಾನು ಗೆರೆಗಳನ್ನು ಒಮ್ಮೆಯೂ ಎಣಿಸಿರಲಿಲ್ಲ. ದಿನಚರಿಯಲ್ಲಿ ಹೊಸ ಸಾಲು ಹಾಕಿದೆ: ಗುರುವಾರ. ಛಾಟ್, ಐದು. ಚಿತ್ರ ಗೋಡೆಯ ಮೇಲಿದೆ.