ನೆಲಮಾಳಿಗೆಯ ಅಕ್ಕ ಮತ್ತು ಅರಿಶಿನದ ಕಲೆ

ನನ್ನ ಮಗಳಿಗೆ ಎರಡನೆಯದೂ ಹೆಣ್ಣಾಯಿತು. ತಾಯಿ, ಮಗು ಇಬ್ಬರೂ ಸುಖವಾಗಿದ್ದಾರೆ. ಚಾಮರಾಜನಗರದ ಆಸ್ಪತ್ರೆಯಿಂದ ಇವತ್ತು ಬೆಳಗ್ಗೆ ಭೀಮನಬೀಡಿನ ನಮ್ಮ ಮನೆ ಬಾಗಿಲಿಗೆ ಬಂದು ಇಳಿದರು. ನಾನು ಕೇಳಿದವರಿಗೂ ಹೇಳಿದೆ, ಕೇಳದವರಿಗೂ ಹೇಳಿದೆ. ಎದುರುಮನೆಯವಳು, "ಒತ್ತಾರೆಯಿಂದ ಮೂರು ಸಲ ಹೇಳ್ದೆ ಕಣಕ್ಕ, ನಾನೇನು ಮರ್ತೋಗಿದ್ದೀನಾ?" ಎಂದಳು. "ನಾಳಿಕೂ ಹೇಳ್ತೀನಿ ಬುಡು" ಎಂದೆ.

ಮಧ್ಯಾಹ್ನ ಮಗುವಿನ ಬಟ್ಟೆಗಳನ್ನು ಪಂಪ್‌ಸೆಟ್ಟಿನ ತೊಟ್ಟಿಯಲ್ಲಿ ಜಾಲಿಸಿ ತಂತಿಯ ಮೇಲೆ ಹರವುತ್ತಿದ್ದೆ. ಆಗ ಅಕ್ಕ ನೆನಪಾಗಿ ಕಣ್ಣಮುಂದೆ ಬಂದು ನಿಂತಳು. ಬಾಯಲ್ಲಿ ಎರಡು ಮರದ ಕ್ಲಿಪ್ಪು ಕಚ್ಚಿಕೊಂಡು, ಅವುಗಳ ನಡುವಿನಿಂದಲೇ ಬೈಯುತ್ತಿದ್ದ ಅಕ್ಕ. ಬಿಳೀ ಕೂದಲು, ಬಾಗಿಲ ಎತ್ತರದ ಆಳು. ಬೆರಳ ತುದಿಗಳು ನೀರಲ್ಲಿ ನೆಂದು ನೆಂದು ಸುಕ್ಕಾಗಿದ್ದವು.

ಅಕ್ಕ ಎಂದು ಕರೆದವಳು ನಾನು; ಆಕೆ ನಮ್ಮವಳಲ್ಲ, ಜರ್ಮನಿಯವಳು. ನನ್ನ ಮಗಳು, ಅಳಿಯ ಇಬ್ಬರೂ ಅಲ್ಲಿ ನರ್ಸ್ ಕೆಲಸಕ್ಕೆ ಸೇರಿದ್ದರು. ಆರು ವರ್ಷದ ಹಿಂದೆ ಮೊದಲ ಬಾಣಂತನಕ್ಕೆ ನಾನೇ ಹೋದೆ; ಈ ಸಲ ಮಗಳೇ ಊರಿಗೆ ಬಂದಳು. ನಾಲ್ಕನೇ ಕ್ಲಾಸು ಓದಿದವಳು, ಮೈಸೂರು ದಾಟಿದ್ದೇ ಎರಡು ಸಲ. ಚೀಲದ ತುಂಬ ನಮ್ಮ ಹೊಲದ ಅರಿಶಿನ, ಹರಳೆಣ್ಣೆ, ಹಳೇ ಪಂಚೆ ಹರಿದು ಮಾಡಿದ ಮೆತ್ತನೆಯ ಬಟ್ಟೆ ತುಂಬಿಕೊಂಡು ಹೋಗಿದ್ದೆ.

ಆ ಕಟ್ಟಡದಲ್ಲಿ ಆರು ಮನೆ. ಬಟ್ಟೆ ಒಗೆಯಲು ಎಲ್ಲರಿಗೂ ಸೇರಿ ನೆಲಮಾಳಿಗೆಯಲ್ಲಿ ಒಂದೇ ಕೋಣೆ, ಒಂದೇ ಮಿಷನ್ನು. ಮನೆಗೊಂದು ದಿನ. ಬಾಗಿಲ ಮೇಲೆ ಹಲಗೆ, ಹಲಗೆಯ ಮೇಲೆ ಹೆಸರು. ಭಾನುವಾರ ಯಾರೂ ಒಗೆಯುವಂತಿಲ್ಲ. ಹೊರಗೆ ಬಾಲ್ಕನಿಯ ಕಂಬಿಗೆ, ಅಂಗಳಕ್ಕೆ ಬಟ್ಟೆ ಹಾಕುವಂತಿಲ್ಲ. ಇದನ್ನೆಲ್ಲ ನೋಡಿಕೊಳ್ಳುತ್ತಿದ್ದವಳು ಅಕ್ಕ. ಕೋಣೆಯ ಬೀಗದ ಕೈ ಅವಳ ಹತ್ತಿರ. ಯಾರಾದರೂ ತಪ್ಪಿದರೆ ಮನೆ ಮಾಲೀಕನಿಗೆ ಬರೆದು ಕಳಿಸುವವಳೂ ಅವಳೇ. ಮಂಗಳವಾರ ಅವಳ ದಿನ. ಮಿಷನ್ನಿನ ಮುಂದೆ ಕುರ್ಚಿ ಹಾಕಿಕೊಂಡು, ಅದು ನಿಲ್ಲುವ ತನಕ ಉಣ್ಣೆ ಹೆಣೆಯುತ್ತ ಕೂರುತ್ತಿದ್ದಳು. "ಬಟ್ಟೆ ಜನಾನ ಕಾಯಬಾರದು, ಜನರೇ ಬಟ್ಟೇನ ಕಾಯಬೇಕು ಅಂತಾರೆ ಕಣವ್ವ" ಎಂದು ಮಗಳು ಅವಳ ಮಾತನ್ನು ನನಗೆ ತಿರುಗಿಸಿ ಹೇಳಿದಳು. ಬಟ್ಟೆಯನ್ನು ಒಳಗೇ ಬಿಟ್ಟುಹೋದರೆ ಮುಂದಿನವರಿಗೆ ಅವಮಾನ ಮಾಡಿದಂತೆ, ಅವಳ ಲೆಕ್ಕದಲ್ಲಿ.

ನಾನು ಹೋದ ಎರಡನೇ ಮಂಗಳವಾರ ಕೆಳಗಿಳಿದೆ. ಮಗಳು ಮಲಗಿದ್ದಳು, ಎಬ್ಬಿಸಲಿಲ್ಲ. ಅಕ್ಕ ಸೋಪು ಹಾಕಿಟ್ಟು ಏನೋ ತರಲು ಮೇಲೆ ಹೋಗಿದ್ದಳು. ಮಿಷನ್ನಿನ ಬಾಗಿಲು ತೆರೆದಿತ್ತು, ಒಳಗೆ ಅರ್ಧಕ್ಕೆ ಬಿಳೀ ಬಟ್ಟೆ. ನಮ್ಮ ತೊಟ್ಟಿಯ ಹತ್ತಿರ ಯಾರ ಬಟ್ಟೆ ನೆನೆದಿದ್ದರೂ ಜೊತೆಗೆ ಸೇರಿಸಿ ಎರಡು ಮುಳುಗು ಹಾಕುವುದು ನಮ್ಮ ರೂಢಿ; ಒಬ್ಬರ ನೀರಲ್ಲಿ ಇಬ್ಬರ ಕೆಲಸ ಆಗುತ್ತದೆ. ಹಾಗೆಂದುಕೊಂಡೇ ಬಾಣಂತಿಗೆ ಅರಿಶಿನ ಹಚ್ಚಿ ಒರೆಸಿದ ಬಟ್ಟೆಗಳನ್ನೆಲ್ಲ ಒಳಗೆ ತುರುಕಿ, ಬಾಗಿಲು ದೂಡಿ, ಉಪಕಾರ ಮಾಡಿದೆನೆಂದು ಖುಷಿಯಲ್ಲಿ ಮೇಲೆ ಬಂದೆ. ಅಕ್ಕ ಬಂದವಳು ಗುಂಡಿ ಒತ್ತಿ ಹೆಣಿಗೆಗೆ ಕೂತಿದ್ದಾಳೆ. ತಲೆ ಎತ್ತಿದಾಗ ಗಾಜಿನೊಳಗೆ, ಸೋಪು ತಾಗಿದ ಅರಿಶಿನದಿಂದ, ನೀರು ಕೆಂಪಾಗಿ ತಿರುಗುತ್ತಿತ್ತು.

ಅವಳು ಬಂದು ಬಾಗಿಲು ತಟ್ಟಿದಾಗ ಕೈಯಲ್ಲಿ ಒಂದು ಮೇಜಿನ ಬಟ್ಟೆ ಇತ್ತು. ಅಂಚಿನ ಸುತ್ತ ಕಸೂತಿ. ನಡುವೆಲ್ಲ ಹಸಿ ಅರಿಶಿನದ ಬಣ್ಣ.

ಮಗಳು ಎದ್ದು ಬಂದು ಅವಳ ಮಾತು ಕೇಳಿಸಿಕೊಂಡಳು. "ಏನವ್ವ ಮಾಡ್ಬುಟ್ಟೆ. ಇದು ಅವ್ರ ತಾಯಿ ಹೊಲ್ದಿದ್ದಂತೆ. ಮೂರು ಮಕ್ಕಳೂ ಒಟ್ಟಿಗೆ ಬಂದ್ರೆ ಮಾತ್ರ ಹಾಸ್ತಾರಂತೆ. ಈ ಭಾನುವಾರ ಬತ್ತಾವ್ರಂತೆ, ನಾಕು ವರ್ಷಕ್ಕೆ."

"ಅರಿಶ್ಣ ತಾನೇ, ಬಿಸ್ಲಿಗೆ ಹಾಕುದ್ರೆ ಓಯ್ತದೆ. ಹೇಳು ಅವ್ರಿಗೆ" ಎಂದೆ. ನಾನು ಅರಿಶಿನ ಬೆಳೆದವಳು, ನನಗೆ ಗೊತ್ತು.

ಮಗಳು ಹೇಳಿದಳು. ಅಕ್ಕ ಕಿಟಕಿಯ ಕಡೆ ಕೈ ತೋರಿಸಿದಳು. ಹೊರಗೆ ಸೋನೆ. ನಾನು ಆ ಊರಿಗೆ ಬಂದಾಗಿನಿಂದ ಬಿಸಿಲು ಕಂಡಿರಲಿಲ್ಲ.

"ಭಾನುವಾರದೊಳಗೆ ಬಿಳಿ ಆಗ್ಲಿಲ್ಲ ಅಂದ್ರೆ ಮಾಲೀಕನಿಗೆ ಬರೀತಾರಂತೆ" ಎಂದು ಮಗಳು ಮೆಲ್ಲಗೆ ತಿಳಿಸಿದಳು. ಬರೆದರೆ ಆ ಕೋಣೆ ನಮಗೆ ಮುಚ್ಚಿದಂತೆ. ಹಸುಗೂಸಿನ ಬಟ್ಟೆ ದಿನಕ್ಕೆ ಒಂದು ಮೊರ. ಎಲ್ಲಿ ಒಗೆಯುವುದು, ಎಲ್ಲಿ ಒಣಗಿಸುವುದು?

ಬುಧವಾರ ಸೋನೆ, ಗುರುವಾರ ಸೋನೆ. ನಾನು ಕಿಟಕಿ ಬಿಟ್ಟು ಕದಲಲಿಲ್ಲ. ಅಳಿಯಂದಿರು ತಮಾಷೆಗೆ, "ಅತ್ತೆ, ಗುಂಡ್ಲುಪೇಟೆ ಬಿಸ್ಲು ಒಂದು ಡಬ್ಬೀಲಿ ತಂದಿದ್ರೆ ಆಗ್ತಿತ್ತು" ಎಂದರು. ನನಗೆ ನಗು ಬರಲಿಲ್ಲ. ಶುಕ್ರವಾರವೂ ಸೋನೆಯೇ.

ಶನಿವಾರ ಹತ್ತು ಗಂಟೆಗೆ ಮೋಡ ಹರಿಯಿತು. ನಾನು ಶಾಲು ಹೊದ್ದು, ಚಪ್ಪಲಿಯನ್ನೂ ಹಾಕದೆ ಇಳಿದು ಅಕ್ಕನ ಬಾಗಿಲು ಬಡಿದೆ. ಭಾಷೆ ಬಾರದು. ಆಕಾಶ ತೋರಿಸಿದೆ, ಬಟ್ಟೆ ಕೊಡು ಎಂದು ಕೈ ಚಾಚಿದೆ. ಹೊರಗೆ ಬಟ್ಟೆ ಹಾಕಬಾರದೆಂಬ ಕಾನೂನು ಕಾಯುತ್ತಿದ್ದವಳು ಅವಳೇ ಅಲ್ಲವೇ? ಸುಮಾರು ಹೊತ್ತು ನನ್ನ ಬರಿಗಾಲು ನೋಡಿದಳು. ಒಳಗೆ ಹೋಗಿ ಬಟ್ಟೆ ತಂದಳು, ಜೊತೆಗೆ ತನ್ನ ಒಂದು ಜೊತೆ ಬೂಟನ್ನೂ ತಂದು ನನ್ನ ಕಾಲಿಗೆ ಹಾಕಿಸಿದಳು.

ಅಂಗಳದ ಹುಲ್ಲು ತೇವವಾಗಿತ್ತು, ಹರವುವಂತಿರಲಿಲ್ಲ. ಆ ಕಡೆ ಎರಡು ಮೂಲೆ ಅವಳು ಹಿಡಿದಳು, ಈ ಕಡೆ ಎರಡು ಮೂಲೆ ನಾನು. ನೆರಳು ಬಂದಷ್ಟೂ ಇಬ್ಬರೂ ಹೆಜ್ಜೆ ಸರಿದೆವು. ಕಿಟಕಿಗಳಲ್ಲಿ ಜನ ಇಣುಕಿದರು. ಕೈ ಸೋತು ನನ್ನ ಕಡೆ ಬಟ್ಟೆ ಜೋತಾಗ ಅವಳು ಕ್ಲಿಪ್ಪು ಕಚ್ಚಿದ ಬಾಯಲ್ಲಿ ಏನೋ ಬೈದಳು. "ಇರು ಕಣಕ್ಕ, ನಂಗೂ ವಯಸ್ಸಾಗದೆ" ಎಂದು ನಾನೂ ಬೈದೆ. ಅವಳಿಗೆ ಏನು ತಿಳಿಯಿತೋ, ನಕ್ಕುಬಿಟ್ಟಳು. ಎರಡು ಗಂಟೆಯ ಹೊತ್ತಿಗೆ ಬಣ್ಣ ಕರಗಿತ್ತು. ಒಂದು ಅಂಚಿನಲ್ಲಿ ಮಾತ್ರ ಬಾಳೆಹಣ್ಣಿನ ತಿರುಳಿನಷ್ಟು ಹಳದಿ ಉಳಿಯಿತು. ಅದನ್ನು ಬೆರಳಲ್ಲಿ ಸವರಿ, ಇರಲಿ ಎನ್ನುವಂತೆ ಕೈಯಾಡಿಸಿದಳು.

ಭಾನುವಾರ ನಮ್ಮನ್ನೆಲ್ಲ ಊಟಕ್ಕೆ ಕರೆದಳು. ಮೇಜಿನ ಸುತ್ತ ಅವಳ ಮಕ್ಕಳು, ಮೊಮ್ಮಕ್ಕಳು. ನಾನು ರೂಢಿಯಂತೆ ಗೋಡೆಗೆ ಒರಗಿ, ಬಡಿಸಲು ಕೈ ಜೋಡಿಸುವ ಎಂದು ನಿಂತೆ. ಅಕ್ಕ ಚಮಚ ಕೆಳಗಿಟ್ಟಳು. ಎಲ್ಲರೂ ಚಮಚ ಕೆಳಗಿಟ್ಟರು.

"ಅವ್ವ, ನೀನು ಕೂರೋ ಗಂಟ ಯಾರೂ ಉಣ್ಣಲ್ವಂತೆ" ಎಂದಳು ಮಗಳು.

ಕೂತೆ. ಅಷ್ಟು ವಯಸ್ಸಿಗೆ ಮನೆಮಂದಿಯ ಜೊತೆ ಒಂದೇ ಹೊತ್ತಿಗೆ ಅನ್ನ ತಿಂದದ್ದು ಅದೇ ಮೊದಲು.

ಮಾರನೆಯ ದಿನ ಹಲಗೆಯ ಮೇಲೆ ಮಂಗಳವಾರದ ಮುಂದೆ ಅವಳ ಹೆಸರಿನ ಪಕ್ಕ ನನ್ನ ಹೆಸರೂ ಇತ್ತು. ನಾನು ಹೊರಡುವ ತನಕ ಇಬ್ಬರೂ ಎರಡು ಕುರ್ಚಿ ಹಾಕಿಕೊಂಡು ಮಿಷನ್ನು ಕಾದೆವು. ಅವಳು ಅವಳ ಮಾತಾಡುತ್ತಿದ್ದಳು, ನಾನು ನನ್ನ ಮಾತಾಡುತ್ತಿದ್ದೆ.

ಹೋದ ಚಳಿಗಾಲದಲ್ಲಿ ಅಕ್ಕ ತೀರಿಕೊಂಡಳು. ಮೂರು ಮಂಗಳವಾರ ಆ ಕಟ್ಟಡದವರು ಯಾರೂ ನೆಲಮಾಳಿಗೆಗೆ ಇಳಿಯಲಿಲ್ಲವೆಂದು ಮಗಳು ಫೋನಿನಲ್ಲಿ ಅತ್ತಳು.

ಈ ಸಂಜೆ ನಡುಮನೆಯಲ್ಲಿ ಎಲೆ ಹಾಕಿದೆವು. ಯಜಮಾನರು, ಮಗ, ಸೊಸೆ, ಅಳಿಯಂದಿರು, ದೊಡ್ಡ ಮೊಮ್ಮಗಳು. ಬಾಣಂತಿಗೆ ಬಿಸಿ ಅನ್ನ, ಮೆಣಸಿನ ಸಾರು. ಉಳಿದವರಿಗೆ ಮುದ್ದೆ, ಅವರೆಕಾಳಿನ ಸಾರು, ಪಾಯಸ. ಸೊಸೆ ಸೌಟು ಹಿಡಿದು ನಿಂತಿದ್ದಳು. "ಸೌಟು ಮಡಗಿ ಬಾ ಕಣಮ್ಮಿ, ಪಾತ್ರೆ ಎಲ್ಲ ನಡುಕ್ಕೇ ಇಟ್ಕಳನ" ಎಂದು ಪಕ್ಕದಲ್ಲಿ ಜಾಗ ಬಿಟ್ಟೆ. ಅವಳು ಮಾವನ ಮುಖ ನೋಡಿದಳು. ಯಜಮಾನರು ಮುದ್ದೆ ಮುರಿಯದೆ ಕಾದರು. ಅವಳು ಕೂತಳು, ಎಲ್ಲರೂ ಉಂಡೆವು.