ತಂಗಿಯ ಬೆನ್ನ ಹಿಂದಿನ ಗೂಡು

ಗೋಡೆಯ ಹಸಿಯಲ್ಲಿ ದೆವ್ವದ ಮುಖ ಕಾಣುವವರನ್ನು ನಾನು ಬಾಯಿತುಂಬ ಗೇಲಿ ಮಾಡಿದವಳು. ದಿನವಿಡೀ ಬಣ್ಣದಲ್ಲೇ ಕೈಯಾಡಿಸುವವಳಿಗೆ ಕಲೆ ಯಾವುದು, ನೆರಳು ಯಾವುದು ಗೊತ್ತಾಗದೇ ಇರುತ್ತದೆಯೇ? ಈಗ ಹೇಳುವುದನ್ನು ನೀವು ನಂಬದಿದ್ದರೆ ನನಗೆ ಬೇಜಾರಿಲ್ಲ. ಬೇರೆ ಯಾರಾದರೂ ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ಕೆಲವು ವರ್ಷಗಳ ಹಿಂದೆ ಬೆಳಗಾವಿಯ ಅನಗೋಳದ ನನ್ನ ಮನೆಯಲ್ಲಿ ಒಂದು ದೊಡ್ಡ ಚಿತ್ರ ಬರೆಯುತ್ತಿದ್ದೆ. ಖಾನಾಪುರದ ನಮ್ಮ ತವರಿನ ಅಡುಗೆಮನೆ, ಅಲ್ಲಿ ಮೂರು ತಲೆಮಾರಿನ ಹೆಂಗಸರು. ತೀರಿಹೋದ ಅಜ್ಜಿ ಬೀಸುಕಲ್ಲಿನ ಮುಂದೆ. ಅವ್ವ ರೊಟ್ಟಿ ಬಡಿಯುತ್ತ. ತಂಗಿ ಗಿರಿಜೆ ಎಡಗೈಯಲ್ಲಿ ಇಷ್ಟಲಿಂಗ ಹಿಡಿದು ಬೆಳಗಿನ ಪೂಜೆಗೆ ಕುಳಿತಿದ್ದಾಳೆ. ಹಿಂದೆ ಸುಣ್ಣದ ಗೋಡೆ. ಅದಕ್ಕೆ ನಾನು ಬಿಳಿಯ ಹೊರತು ಏನೂ ಹಚ್ಚಿರಲಿಲ್ಲ.

ಆಗಲೇ ಗಿರಿಜೆಗೆ ಹೃದಯದ ಆಪರೇಶನ್ ಆಗಬೇಕೆಂದರು. ಅವಳನ್ನು ಇಲ್ಲಿನ ಆಸ್ಪತ್ರೆಗೆ ಸೇರಿಸಿದೆವು. ಅವ್ವ ಖಾನಾಪುರದಿಂದ ಬಂದು ನನ್ನ ಮನೆಯಲ್ಲೇ ಉಳಿದಳು. ಆಪರೇಶನ್ನಿನ ಹಿಂದಿನ ಮಧ್ಯಾಹ್ನ ಚಿತ್ರದ ಮುಂದೆ ನಿಂತವಳು ನನ್ನನ್ನು ಕೂಗಿ ಕರೆದಳು.

"ಗಿರಿಜಾನ್ನ ಗೂಡಿನ್ಯಾಗ ಯಾಕ ಕುಂದರಿಸಿಯವ್ವಾ?"

ನೋಡಿದೆ. ತಂಗಿಯ ಬೆನ್ನ ಹಿಂದೆ ಮೂರು ಮೂಲೆಯ ಕಪ್ಪು. ನಮ್ಮಲ್ಲಿ ಸತ್ತವರನ್ನು ಮಲಗಿಸಿ ಹೂಳುವುದಿಲ್ಲ. ಸಮಾಧಿಯ ಕುಣಿಯಲ್ಲಿ ಮೂರು ಮೂಲೆಯ ಗೂಡು ತೋಡಿ, ಎಡಗೈಯಲ್ಲಿ ಲಿಂಗವಿಟ್ಟು ಅದರೊಳಗೆ ಕೂರಿಸುತ್ತೇವೆ. ಪೂಜೆಗೆ ಕುಳಿತಿದ್ದ ತಂಗಿ ಈಗ ಕುಣಿಯಲ್ಲಿ ಕುಳಿತಂತೆ ಕಂಡಳು.

"ಹಸಿ ಹಿಡದೈತಿ, ಬಿಡಬೇ," ಎಂದು ಬಿಳಿ ಬಳಿದೆ. ನೋಡನೋಡುತ್ತಲೇ ಕಪ್ಪು ಮೇಲೆದ್ದು ಬಂತು. ಮತ್ತೆ ಬಳಿದೆ, ಮತ್ತೆ ಬಂತು. ಕುಂಚ ಹಿಡಿದುಕೊಂಡೇ ಅಳತೊಡಗಿದೆ.

ಅವ್ವ ನನ್ನನ್ನು ಬದಿಗೆ ಸರಿಸಿದಳು. ಮಾತಾಡಿದ್ದು ನನ್ನ ಜೊತೆಯಲ್ಲ.

"ಅಕಿನ್ನ ಬಿಡು. ನಾ ಉಂಡು ಉಟ್ಟು ಬಾಳಿದಾಕಿ. ನನ್ನ ಹಿಂದ ಬಾ."

"ಹುಚ್ಚರಂಗ ಮಾತಾಡಬ್ಯಾಡವ್ವಾ!" ಎಂದು ಅವಳನ್ನು ಹೊರಗೆ ಎಳೆದೆ. ಕೋಣೆಗೆ ಬೀಗ ಹಾಕಿ ಕೀಲಿಕೈ ಸೊಂಟಕ್ಕೆ ಸಿಗಿಸಿಕೊಂಡೆ.

ಮರುದಿನ ಆಪರೇಶನ್ ಸುಸೂತ್ರವಾಗಿ ಮುಗಿಯಿತು. ಅವ್ವ, "ಹಂಗಾರ ಆತು ಬಿಡು," ಎಂದಳಷ್ಟೇ. ಮನೆಗೆ ಬಂದವಳೇ ಬೀಗ ತೆಗೆದೆ. ತಂಗಿಯ ಹಿಂದೆ ಗೋಡೆ ಬೆಳ್ಳಗಿತ್ತು. ರೊಟ್ಟಿ ಬಡಿಯುವ ಅವ್ವನ ಹಿಂದೆ ಆ ಗೂಡು ಇತ್ತು. ಡಬ್ಬಿ ಖಾಲಿಯಾಗುವವರೆಗೂ ಬಿಳಿ ಬಳಿದೆ, ಉಪಯೋಗವಾಗಲಿಲ್ಲ.

ಗಿರಿಜೆ ಆಸ್ಪತ್ರೆಯಿಂದ ಮನೆಗೆ ಬರುವ ಮುಂಚೆಯೇ ಅವ್ವ ಹೋದಳು. ತಲೆನೋವೆಂದು ಕೂಡ ಎಂದೂ ಮಲಗಿದವಳಲ್ಲ. ಖಾನಾಪುರಕ್ಕೆ ಒಯ್ದು ಮಣ್ಣು ಮಾಡಿದೆವು. ಆ ಕಪ್ಪನ್ನು ಬರೆದವರು ಯಾರು, ಅವ್ವನ ಮಾತು ಕೇಳಿಸಿಕೊಂಡವರು ಯಾರು, ಇವತ್ತಿಗೂ ನನಗೆ ತಿಳಿದಿಲ್ಲ. ಅಂದಿನಿಂದ ಮನೆಯವರಲ್ಲಿ ಯಾರನ್ನೂ ಬರೆಯಲು ನನಗೆ ಧೈರ್ಯವಿಲ್ಲ.

ಗಿರಿಜೆ ಗಟ್ಟಿಮುಟ್ಟಾಗಿದ್ದಾಳೆ. ಬಂದಾಗಲೆಲ್ಲ ನನ್ನ ಪಕ್ಕ ಕುಳಿತು ಅದನ್ನೇ ಕೇಳುತ್ತಾಳೆ.

"ಅವ್ವಗ ಏನೂ ಬ್ಯಾನಿ ಇದ್ದಿಲ್ಲಲ್ಲ ಅಕ್ಕಾ, ಹೆಂಗ ಹ್ವಾದ್ಳು?"

"ವಯಸ್ಸಾಗಿತ್ತಲ್ಲ ತಂಗಿ," ಅನ್ನುತ್ತೇನೆ.